ಅವ್ವ ಕಲಿಸಿದ ಗಂಟು

ಲಿಂಗದ ವಸ್ತ್ರಕ್ಕೆ ಗಂಟು ಹಾಕುವುದನ್ನು ನನಗೆ ಕಲಿಸಿದವಳು ಅವ್ವ. ನಮ್ಮ ಮನೆಯಲ್ಲಿ ಕೊರಳಲ್ಲಿ ಲಿಂಗವಿಲ್ಲದೆ ಯಾರೂ ಉಣ್ಣುವ ಹಾಗಿರಲಿಲ್ಲ. ದೊಡ್ಡವರಿಗೆ ಲಿಂಗವಿಡಲು ಬೆಳ್ಳಿಯ ಕರಡಿಗೆಗಳಿದ್ದವು, ಹುಡುಗರಾದ ನಮಗೆ ಅಂಗೈಯಗಲದ ಬಿಳಿ ಬಟ್ಟೆ. ನಡುವೆ ಲಿಂಗವಿಟ್ಟು, ನಾಲ್ಕು ಮೂಲೆಗಳನ್ನು ಒಂದರ ಮೇಲೊಂದು ಮಡಚಿ, ದಾರವನ್ನು ಎರಡು ಸುತ್ತು ಸುತ್ತಿ, ಮೂರನೆಯ ಸುತ್ತನ್ನು ಕೆಳಗಿನಿಂದ ತಂದು ಬಿಗಿಯಬೇಕು. ಓಡಿದರೂ ಬಿಚ್ಚದು, ಈಜಿದರೂ ಬಿಚ್ಚದು. ಓಣಿಯ ಬೇರೆ ಮನೆಗಳಲ್ಲಿ ಹೀಗೆ ಕಟ್ಟುತ್ತಿರಲಿಲ್ಲ. ಅದು ಅವ್ವ ತನ್ನ ತವರಿನಿಂದ ತಂದ ಗಂಟು.

ಆ ಗಂಟನ್ನು ನಾನು ಕೈಯಾರೆ ಒಬ್ಬ ಗೆಳೆಯನ ಕೊರಳಿಗೆ ಹಾಕಿದೆ. ಒಳಗಿದ್ದುದು ಲಿಂಗವಲ್ಲ, ಉಣಕಲ್ ಕೆರೆಯ ದಂಡೆಯಲ್ಲಿ ಆರಿಸಿದ ಒಂದು ಕರಿಕಲ್ಲು. ಮುಂದೆ ಒಂದು ದಿನ, ಕಟ್ಟಿದವರು ಯಾರು ಎಂದು ಕೇಳಿದಾಗ ನನಗೆ ಗೊತ್ತಿಲ್ಲ ಎಂದೆ. ಇದನ್ನು ನಾನು ಐವತ್ತು ವರ್ಷಕ್ಕೂ ಮೇಲೆ ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ. ಈಗ ಬರೆಯುತ್ತಿದ್ದೇನೆ.

ಕನ್ನಡ ನಾಡು ಒಂದು ರಾಜ್ಯವಾಗಿ ಎರಡು ವರ್ಷ ಆಗಿತ್ತು. ನಾವು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಓದುತ್ತಿದ್ದೆವು. ನಮ್ಮಪ್ಪನದು ರೈತರ ಹತ್ತಿಯನ್ನು ಕಮಿಷನ್ನಿಗೆ ಮಾರಿಕೊಡುವ ಅಡತಿ ಅಂಗಡಿ. ನನಗೆ ಲೆಕ್ಕ ಬರುತ್ತಿರಲಿಲ್ಲ. ಬೀಜಗಣಿತವಂತೂ ತಲೆಗೆ ಹತ್ತುತ್ತಲೇ ಇರಲಿಲ್ಲ. ಬೆಂಚಿನಲ್ಲಿ ನನ್ನ ಪಕ್ಕ ಕೂಡುತ್ತಿದ್ದ ಆ ಗೆಳೆಯನಿಗೆ ಅದು ಆಟ. ಮಾಸ್ತರರು ಲೆಕ್ಕ ಬರೆದು ಮುಗಿಸುವುದರೊಳಗೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು. ಅವನ ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಗಾರ. ಊರು ದೂರ ಇಟ್ಟ ಜಾತಿಯವರು. ಹಿಂದಿನ ವರ್ಷವಷ್ಟೇ ಮನೆಮಂದಿಯೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ಅವರಪ್ಪ ಗೂಡಿನಲ್ಲಿದ್ದ ದೇವರುಗಳನ್ನೆಲ್ಲ ತೆಗೆದು, ಮಕ್ಕಳ ಕೊರಳಿನ ತಾಯಿತ, ದಾರ ಎಲ್ಲ ಹರಿದು, ಇನ್ನು ಮುಂದೆ ಯಾರು ಕೇಳಿದರೂ ನಾವು ಯಾರು ಎಂದು ಮಾರಿ ಎತ್ತಿ ಹೇಳಬೇಕು, ಮುಚ್ಚಿಡಬಾರದು ಎಂದು ಹೇಳಿದ್ದರಂತೆ. ಇದನ್ನು ನನಗೆ ಹೇಳುವಾಗ ಅವನ ಮುಖದಲ್ಲಿ ಹೆಮ್ಮೆ ಇತ್ತು.

ಸಂಜೆ ಅವನು ನಮ್ಮ ಮನೆಗೆ ಬಂದು ನನಗೆ ಲೆಕ್ಕ ಹೇಳಿಕೊಡಬೇಕು ಎಂದು ನಾನೇ ಗಂಟುಬಿದ್ದೆ. ನಮ್ಮಲ್ಲಿ ವಿದ್ಯುತ್ ದೀಪವಿತ್ತು, ಅವರಲ್ಲಿರಲಿಲ್ಲ. ಆದರೆ ಸಂಜೆ ಮನೆಗೆ ಬಂದವನನ್ನು ಉಣ್ಣಿಸದೆ ಕಳಿಸುವವಳಲ್ಲ ಅವ್ವ. ಉಣ್ಣಬೇಕೆಂದರೆ ಕೊರಳಲ್ಲಿ ಲಿಂಗ ಬೇಕು. ಒಂದು ಭಾನುವಾರ ಇಬ್ಬರೂ ಸೈಕಲ್ ಮೇಲೆ ಉಣಕಲ್ಲಿಗೆ ಹೋದಾಗ ಈ ಉಪಾಯ ಹೊಳೆದದ್ದು ನನಗೆ. ನೀರಂಚಿನಲ್ಲಿ ನುಣ್ಣಗಿನ ಕರಿಕಲ್ಲೊಂದನ್ನು ಆರಿಸಿ, ನನ್ನ ಹಳೆಯ ವಸ್ತ್ರದಲ್ಲಿ ಸುತ್ತಿದೆ.

"ಬ್ಯಾಡೋ," ಎಂದ ಅವನು. "ನಮ್ಮಪ್ಪಗ ತಿಳದ್ರ ಮುಗೀತು."

"ನಿಮ್ಮಪ್ಪ ನಮ್ಮ ಮನಿಗಿ ಯಾಕ ಬರ್ತಾನ? ನಮ್ಮವ್ವ ಮಾಡಿದ ಬದನೀಕಾಯಿ ಪಲ್ಯಾ ಉಂಡು ನೋಡು, ಆಮ್ಯಾಲ ಬ್ಯಾಡನ್ನು."

"ಪಲ್ಯಾಕ ಆಶಾಪಟ್ಟು ಕಲ್ಲ ಕಟಗೋಬೇಕೇನು?"

"ನಾ ಫೇಲ್ ಆದ್ರ ನಿನಗ ಛಲೋ ಅನಸ್ತೈತೇನು?"

ಅವನು ನಕ್ಕ. ತಲೆ ಬಗ್ಗಿಸಿದ. ನಾನು ಎರಡು ಸುತ್ತು ಸುತ್ತಿ, ಮೂರನೆಯದನ್ನು ಕೆಳಗಿನಿಂದ ತಂದು ಬಿಗಿದು, ಹಿಂದೆ ನಿಂತು ಕೊರಳಿಗೆ ಹಾಕಿದೆ. ದಾರ ಕೊರಳಿಗೆ ಹತ್ತಿದಾಗ ಅವನ ಮೈ ಒಮ್ಮೆ ಜುಮ್ಮೆಂದದ್ದು ನನ್ನ ಬೆರಳಿಗೆ ಗೊತ್ತಾಯಿತು.

ಮೂರು ತಿಂಗಳು ಹೀಗೆ ನಡೆಯಿತು. ಬರುವಾಗ ಓಣಿಯ ತುದಿಯಲ್ಲಿ ದಾರ ಹಾಕಿಕೊಳ್ಳುತ್ತಿದ್ದ, ಹೋಗುವಾಗ ತೆಗೆದು ನನ್ನ ಕೈಗೆ ಕೊಡುತ್ತಿದ್ದ. ಹಣೆಗೆ ವಿಭೂತಿ ಹಚ್ಚಿಕೊಂಡು ಅವನು ನನ್ನ ಪಕ್ಕದಲ್ಲಿ ಉಣ್ಣುತ್ತಿದ್ದ. ಅವ್ವನಿಗೆ ಅವನೆಂದರೆ ಬಲು ಪ್ರೀತಿ. "ನೋಡು, ಹೆಂಗ ತಾಟ ಬಳದು ಉಣತಾನ. ನೀ ಅದಿ, ಅರ್ಧಾ ಬಿಡ್ತಿ," ಎಂದು ನನ್ನನ್ನು ಬೈಯುತ್ತಿದ್ದಳು. ಅಕ್ಕ ರೊಟ್ಟಿ ಬಡಿಸುತ್ತಿದ್ದಳು. ಆಗ ಅಕ್ಕನ ಲಗ್ನದ ಮಾತು ನಡೆದಿತ್ತು. ನನಗೆ ಬೀಜಗಣಿತ ತಲೆಗೆ ಹತ್ತತೊಡಗಿತ್ತು.

ಶ್ರಾವಣ ಸೋಮವಾರ ಮನೆಯಲ್ಲಿ ಪೂಜೆ ಇಟ್ಟುಕೊಂಡಿದ್ದರು. ಪೂಜೆ ಮಾಡಿಸಲು ನಮ್ಮ ಜಂಗಮ ಗುರುಗಳಾದ ಹಿರಿಯ ಅಯ್ಯನವರು ಬಂದಿದ್ದರು. ಪಡಸಾಲೆಯಲ್ಲಿ ಎಲ್ಲರನ್ನೂ ಸಾಲಾಗಿ ಕೂಡಿಸಿ, ಎಲ್ಲರೂ ಲಿಂಗ ತೆಗೆದು ಎಡಗೈ ಮೇಲೆ ಇಟ್ಟುಕೊಳ್ಳಿರಿ ಎಂದರು. ಇದು ನನಗೆ ಹೊಳೆದಿರಲೇ ಇಲ್ಲ. ದಿನಾ ಊಟದ ಹೊತ್ತಿಗೆ ಬರಿಯ ದಾರ ಕಂಡರೆ ಸಾಕಾಗುತ್ತಿತ್ತು, ಯಾರ ಮಗ ಎಂದೂ ಯಾರೂ ಕೇಳಿರಲಿಲ್ಲ. ಅವನು ನನ್ನ ಕಡೆ ನೋಡಿದ. ನಾನು ನನ್ನ ವಸ್ತ್ರ ಬಿಚ್ಚುತ್ತ ಕೂತೆ. ಅವನು ತಡಮಾಡಿದ. ಅಯ್ಯನವರು, "ಬಿಚ್ಚಪಾ ತಮ್ಮಾ, ನಾಚಿಗಿ ಯಾಕ?" ಎಂದು ತಾವೇ ಕೈ ಚಾಚಿ ಬಿಚ್ಚಿದರು. ಅವರ ಅಂಗೈಯಲ್ಲಿ ಉಣಕಲ್ ಕೆರೆಯ ಕಲ್ಲು ಬಂತು.

"ಯಾರು ಕಟ್ಟಿದ್ದು ಇದನ್ನ?" ಎಂದರು ಅಯ್ಯನವರು. ಸಿಟ್ಟಿನಿಂದಲ್ಲ, ನಿಧಾನವಾಗಿ ಕೇಳಿದರು.

ಅವನು ಮತ್ತೆ ನನ್ನನ್ನು ನೋಡಿದ. ಹೇಳು ಎಂದು ಅವನ ಕಣ್ಣು ಕೇಳಲಿಲ್ಲ. ನಾನೇ ಹೇಳುತ್ತೇನೆ ಎಂದು ನಂಬಿದ ಕಣ್ಣು ಅದು.

ಅವ್ವ ಕಲ್ಲನ್ನು ನೋಡಲಿಲ್ಲ. ನೆಲದ ಮೇಲೆ ಬಿದ್ದ ವಸ್ತ್ರವನ್ನು ಎತ್ತಿಕೊಂಡು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಕೇಳಿದಳು: "ನಿನಗ ಗೊತ್ತಿತ್ತೇನೋ?"

"ಇಲ್ಲವ್ವ," ಎಂದೆ. ಅಷ್ಟೇ ಹೇಳಿ ಸುಮ್ಮನಿದ್ದರೂ ಆಗುತ್ತಿತ್ತು. "ನನಗೂ ಮೋಸಾ ಮಾಡ್ಯಾನ," ಎಂದೂ ಸೇರಿಸಿದೆ.

ಯಾರೂ ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಯಾರ ಮಗ ಎಂದು ಅಯ್ಯನವರು ಕೇಳಿದಾಗ ಎದ್ದು ನಿಂತು, ತಮ್ಮ ಕೇರಿಯ ಹೆಸರು, ಜಾತಿಯ ಹೆಸರು, ಈಗ ಬೌದ್ಧರಾದದ್ದು, ಎಲ್ಲವನ್ನೂ ಸ್ಪಷ್ಟವಾಗಿ ಹೇಳಿದ. ನನ್ನ ಹೆಸರು ಹೇಳಲಿಲ್ಲ. ಅಯ್ಯನವರ ಕೈಯಿಂದ ಕಲ್ಲನ್ನು ತೆಗೆದುಕೊಂಡು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಹೋದ. ಅವನು ಕೂತಿದ್ದ ಜಾಗವನ್ನು ಅಕ್ಕ ಸಾರಿಸಿದಳು. ಅವನ ತಾಟನ್ನು ಹಿತ್ತಲಿಗೆ ಹಾಕಿದರು. ಅವನು ತಿದ್ದಿದ ನನ್ನ ಲೆಕ್ಕದ ನೋಟುಬುಕ್ಕು ಗೂಡಿನಲ್ಲಿಯೇ ಇತ್ತು. ಆ ನೋಟುಬುಕ್ಕಿನಿಂದಲೇ ನಾನು ಪಾಸಾದೆ.

ಎರಡು ದಿನದಲ್ಲಿ ಸುದ್ದಿ ನಮ್ಮ ಹೈಸ್ಕೂಲಿಗೂ ಮುಟ್ಟಿತು, ವರ್ಕ್‌ಶಾಪಿಗೂ ಮುಟ್ಟಿತು. ಸಾಲಿಯ ಬೇವಿನ ಗಿಡದ ಕೆಳಗೆ ಅವನು ನನ್ನನ್ನು ನಿಲ್ಲಿಸಿದ.

"ನಿಮ್ಮ ಮನ್ಯಾಗ ಹೇಳಬ್ಯಾಡ. ಸಾಲ್ಯಾಗೂ ಬ್ಯಾಡ. ನಮ್ಮಪ್ಪನ ಮುಂದ ಒಂದ ಮಾತು ಹೇಳು, ಸಾಕು. ಹೊಟ್ಟೀ ಸಲುವಾಗಿ ನಾನ ಕಟಗೊಂಡು ಹೋಗಿದ್ದೆ ಅಂತ ತಿಳದಾನ. ನಾ ಹೇಳಿದ್ರ ನಂಬವಲ್ಲ."

"ಬರ್ತೇನಿ."

"ಖರೇ?"

"ಖರೇನ ಬರ್ತೇನಿ. ಐತವಾರ ಹನ್ನೊಂದಕ್ಕ."

ಭಾನುವಾರ ಮನೆಯಿಂದ ಹೊರಟೆ. ಸೈಕಲ್ ತುಳಿದುಕೊಂಡು ರೈಲ್ವೆ ಗೇಟಿನವರೆಗೆ ಹೋದೆ. ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹೋಯಿತು, ಗೇಟು ತೆರೆಯಿತು, ಎಲ್ಲರೂ ದಾಟಿದರು. ನಾನು ದಾಟಲಿಲ್ಲ. ಹುಣಸೆಯ ಗಿಡದ ಕೆಳಗೆ ಸೈಕಲ್ ನಿಲ್ಲಿಸಿ, ಎಂಜಿನ್ನು ಡಬ್ಬಿಗಳನ್ನು ಹಿಂದೆ ಮುಂದೆ ತಳ್ಳುವುದನ್ನು ನೋಡುತ್ತ ಮಧ್ಯಾಹ್ನದವರೆಗೆ ಕೂತು ಮನೆಗೆ ಹೋದೆ. ಸೋಮವಾರ ಸಾಲಿಯಲ್ಲಿ, "ಜ್ವರ ಬಂದಿತ್ತೋ," ಎಂದೆ. "ಆತು," ಎಂದ. ಅಂದಿನಿಂದ ಅವನು ನನ್ನ ಸಂಗಡ ಮಾತಾಡಲಿಲ್ಲ. ಬೆಂಚು ಮಾತ್ರ ಬದಲಿಸಲಿಲ್ಲ. ವರ್ಷದ ಕೊನೆಯವರೆಗೆ ನನ್ನ ಪಕ್ಕದಲ್ಲಿಯೇ ಕೂತ.

ಅವನು ಧಾರವಾಡದ ಕಾಲೇಜಿಗೆ ಹೋದ. ನಾನು ಅಪ್ಪನ ಅಂಗಡಿಗೆ ಹೋದೆ. ಏಳೆಂಟು ವರ್ಷಗಳ ನಂತರ, ಹೊಸದಾಗಿ ಲಗ್ನವಾದ ನಾನು ಹೆಂಡತಿಯನ್ನು ಕರೆದುಕೊಂಡು ಧಾರವಾಡದಲ್ಲಿದ್ದ ಅಕ್ಕನ ಮನೆಗೆ ಹೊರಟಿದ್ದೆ. ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿ ಅವನು ಬಂದು ಕೂತ. ಸಂಗಡ ನರೆತ ತಲೆಯ ಒಬ್ಬರು, ಇಸ್ತ್ರಿಯ ಬಿಳಿ ಅಂಗಿ. "ಅಪ್ಪಾ, ಕಿಡಕಿ ಕಡೆ ಕೂಡ್ರಿ," ಎಂದ. ನನ್ನನ್ನು ನೋಡಿರಲಿಲ್ಲ. ಅವರ ಭುಜ ನನ್ನ ಕೈಯಿಂದ ಒಂದು ಗೇಣು ದೂರವಿತ್ತು. ಒಂದು ಮಾತು. ಅವರ ಭುಜ ಮುಟ್ಟಿ, ಕಾಕಾರ, ಕಟ್ಟಿದವನು ನಾನರಿ, ಎನ್ನಬೇಕಿತ್ತು. ಹೇಳಲು ಬಾಯಿ ತೆರೆದೆ ಎಂದು ಬರೆದರೆ ಸುಳ್ಳಾಗುತ್ತದೆ. ಉಣಕಲ್ ಬಂದಾಗ ಎದ್ದು ಇಳಿದುಬಿಟ್ಟೆ.

"ಧಾರವಾಡ ಇಷ್ಟ ಲಗೂ ಬಂತೇನ್ರಿ?" ಎಂದಳು ಹೆಂಡತಿ.

"ಇಲ್ಲ. ಕೆರಿ ತೋರಸ್ತೇನಿ ಬಾ."

ಬಿಸಿಲಿನಲ್ಲಿ ಕೆರೆಯ ದಂಡೆಯ ಮೇಲೆ ಅವಳನ್ನು ನಿಲ್ಲಿಸಿಕೊಂಡು ಮುಂದಿನ ಬಸ್ಸಿಗೆ ಕಾದೆ. ಮತ್ತೆ ಎರಡು ಮೂರು ವರ್ಷಕ್ಕೆ ಅವನ ಅಪ್ಪ ತೀರಿಕೊಂಡ ಸುದ್ದಿ ಅಂಗಡಿಯಲ್ಲಿ ಯಾರೋ ಹೇಳಿದರು. ಮಾತಾಡಿಸಿ ಬರಲು ಹೋಗಲಿಲ್ಲ.

ಇದಕ್ಕಿಂತ ಕೆಟ್ಟದ್ದು ಒಂದಿದೆ. ಅಂಗಡಿಯ ಗಾದಿಯ ಮೇಲೆ ಕೂತು, ಚಹಾ ಕುಡಿಯುವ ಹೊತ್ತಿನಲ್ಲಿ, ಕಲ್ಲು ಕಟ್ಟಿಕೊಂಡು ನಮ್ಮ ಮನೆಯಲ್ಲಿ ಉಂಡುಹೋದ ಹುಡುಗನ ಕತೆಯನ್ನು ನಾನು ಜನರಿಗೆ ಹೇಳಿದ್ದೇನೆ. ಅಯ್ಯನವರ ಮುಖ ಹೇಗಾಯಿತು ಎಂದು ಮಾಡಿ ತೋರಿಸಿದ್ದೇನೆ. ಎಲ್ಲರೂ ನಕ್ಕಿದ್ದಾರೆ. ಮೊದಮೊದಲು ಹೇಳುವಾಗ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಹೇಳುತ್ತ ಹೇಳುತ್ತ ಅದೂ ನಿಂತಿತು.

ಎಪ್ಪತ್ತು ದಾಟಿದ ಮೇಲೆ ನಮ್ಮ ಮ್ಯಾಟ್ರಿಕ್ ವರ್ಗದವರು ಒಂದು ಮಧ್ಯಾಹ್ನ ಕೂಡಬೇಕೆಂದು ಯಾರೋ ಹವಣಿಸಿದರು. ಉಳಿದವರು ಹತ್ತು ಹನ್ನೊಂದು ಜನ. ಒಬ್ಬನಿಗೆ ಕಿವಿ ಕೇಳದು, ಒಬ್ಬನನ್ನು ಮಗ ತೋಳು ಹಿಡಿದು ಕರೆತಂದಿದ್ದ. ಅವನೂ ಬಂದಿದ್ದ. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತನಾಗಿ ಗೋಪನಕೊಪ್ಪದಲ್ಲಿ ಮನೆ ಕಟ್ಟಿಸಿಕೊಂಡಿದ್ದ. ಕೈಯಲ್ಲಿ ಕೋಲು, ದಪ್ಪ ಗಾಜಿನ ಚಷ್ಮಾ. ನನ್ನನ್ನು ಕಂಡು, "ಅರಾಮ ಅದಿಯೇನು?" ಎಂದ. "ಅರಾಮ," ಎಂದೆ. ಐವತ್ತು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು.

ಊಟಕ್ಕೆ ಕೂತೆವು. ಅರಿವೆ ಅಂಗಡಿಯ ಗೆಳೆಯನೊಬ್ಬ ನಮ್ಮಲ್ಲಿದ್ದ, ಹುಡುಗನಾಗಿದ್ದಾಗಿನಿಂದ ಬಾಯಿ ಸುಮ್ಮನಿಡದವನು. ರೊಟ್ಟಿ ಮುರಿಯುತ್ತ ಎದುರಿನ ಸಾಲಿನಿಂದ ಕೂಗಿದ:

"ಏ ಪ್ರೊಫೆಸರ್ರ, ಕೊಳ್ಳಾಗ ಕಲ್ಲೈತೇನ್ರಿ ಇವತ್ತು? ಇಲ್ಲಾಂದ್ರ ಊಟಾ ಸಿಗೂದಿಲ್ಲ ನೋಡ್ರಿ!"

ಎಲ್ಲರೂ ನಕ್ಕರು. ಆ ಕೂಗಿದವನಿಗೆ ಈ ಕತೆಯನ್ನು ಅಭಿನಯಿಸಿ ಹೇಳಿದವನು ನಾನೇ.

ನನ್ನ ಗೆಳೆಯ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟ. ತಿರುಗಿ ನನ್ನನ್ನು ನೋಡಿದ. ದಪ್ಪ ಗಾಜಿನ ಹಿಂದೆ ಅದೇ ಕಣ್ಣು. ಈಗ ನನ್ನನ್ನು ಬೈಯಲು ಅವ್ವ ಇರಲಿಲ್ಲ, ಅಯ್ಯನವರಿರಲಿಲ್ಲ, ಅಕ್ಕನ ಲಗ್ನವಿರಲಿಲ್ಲ, ಹೆದರಲು ಏನೂ ಉಳಿದಿರಲಿಲ್ಲ. ಆದರೂ ನಾನು ಪಲ್ಯ ಕಲಸಿಕೊಂಡೆ.

"ಕೊಳ್ಳಾಗ ಇಲ್ಲಪಾ," ಎಂದ ಅವನು, ಎದುರಿನವನಿಗೆ. "ಈಗ ಕಿಡ್ನ್ಯಾಗ ಐತಿ. ಡಾಕ್ಟರ ಹಂತೇಕ ಫೋಟೋ ಐತಿ, ಬೇಕಾದ್ರ ತೋರಸ್ತೇನಿ." ನಗು ಮತ್ತಷ್ಟು ಎದ್ದಿತು. ಅವನೂ ನಕ್ಕ. ಆದರೆ ಆ ತುತ್ತನ್ನು ಮತ್ತೆ ಎತ್ತಲಿಲ್ಲ.

ಎಲ್ಲರೂ ಎಲೆಯಡಿಕೆ ಹಾಕಿಕೊಳ್ಳುವಾಗ ಅವನು ಹೊರಗೆ ಕಲ್ಲುಬೆಂಚಿನ ಮೇಲೆ ರಿಕ್ಷಾಕ್ಕೆ ಕಾಯುತ್ತ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ. "ತಪ್ಪಾತೋ," ಎಂದೆ. ಆಮೇಲೆ ಏನೇನು ಹೇಳಿದೆನೋ. ರೈಲ್ವೆ ಗೇಟಿನ ಮಾತು ಹೇಳಿದೆ, ಬಸ್ಸಿನ ಮಾತು ಹೇಳಿದೆ, ಅತ್ತುಬಿಟ್ಟೆ. ಅವನು ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದ.

"ಆ ಐತವಾರ ನಮ್ಮಪ್ಪ ಏನ ಮಾಡಿದ್ದ ಗೊತ್ತೇನು?" ಎಂದ ಕೊನೆಗೆ. "ನಮ್ಮ ಮನ್ಯಾಗ ಖುರ್ಚಿ ಇರಲಿಲ್ಲ. ಅಡತಿ ಅಂಗಡಿ ಸಾವಕಾರ್ರ ಮಗಾ ನೆಲದ ಮ್ಯಾಲ ಹೆಂಗ ಕೂಡ್ತಾನಂತ, ಗಾರ್ಡ್ ಸಾಹೇಬರ ಮನ್ಯಾಗಿಂದ ಖುರ್ಚಿ ಹೊತಗೊಂಡು ಬಂದಾ. ನಾವು ಮಾಡಿದ್ದು ನೀ ಉಣ್ಣತಿಯೋ ಇಲ್ಲೋ ಅಂತ, ಎರಡು ಬಾಳಿಹಣ್ಣು ತಂದಿಟ್ಟಾ. ಹಣ್ಣಿಗೆ ಮೈಲಿಗಿ ಇಲ್ಲಂತಲ್ಲಾ. ವರ್ಕ್‌ಶಾಪಿನ ಅಂಗಿ ಬಿಟ್ಟು ಬಿಳಿ ಅಂಗಿ ಹಾಕ್ಕೊಂಡು ಬಾಗಲದಾಗ ಕುಂತಾ. ಹನ್ನೆರಡಾತು, ಒಂದಾತು. ಬರ್ತಾನೇನೋ ಅಂತ ಎರಡು ಸಲಾ ಕೇಳಿದ. ಬರ್ತಾನಪ್ಪಾ ಅಂದೆ. ಮೂರನೇ ಸಲಾ ಕೇಳಲಿಲ್ಲ. ಎದ್ದು ಖುರ್ಚಿ ಹೊತಗೊಂಡು ಹೋಗಿ ಕೊಟ್ಟು ಬಂದಾ."

"ಹಣ್ಣು?" ಎಂದೆ. ಯಾಕೆ ಅದನ್ನು ಕೇಳಿದೆನೋ ತಿಳಿಯದು.

"ಯಾರೂ ತಿನ್ನಲಿಲ್ಲ. ಗೂಡಿನ್ಯಾಗ ಕರಗಾದವು." ರಿಕ್ಷಾ ಬಂತೇನೋ ಎಂದು ರಸ್ತೆಯ ಕಡೆ ನೋಡಿ ಮುಂದುವರಿಸಿದ: "ಅಪ್ಪನ ಲೆಕ್ಕದಾಗ ಮೊದಲು ನಂದು ಒಂದ ಸುಳ್ಳಿತ್ತು, ಕಟ್ಟಿದಾಂವ ನೀ ಅಂದದ್ದು. ಅವತ್ತಿನಿಂದ ಎರಡಾತು, ನೀ ಬರ್ತಿ ಅಂದದ್ದೂ ಸೇರಿ. ಬೈಲಿಲ್ಲ, ಹೊಡೀಲಿಲ್ಲ. ನಾ ಡಿಗ್ರಿ ಮಾಡಿದೆ, ನೌಕರಿ ಹಿಡದೆ, ಎಲ್ಲಾ ಖುಷಿಪಟ್ಟ. ಆದ್ರ ನಾ ಏನರ ಹೇಳಿದ್ರ, ನಂಬೂಕಿಂತ ಮೊದಲ ಒಂದು ಸಲಾ ನನ್ನ ಮಾರಿ ನೋಡಾಂವ. ಸಾಯೂತನಕಾ."

"ನನ್ನ ಕ್ಷಮಾ ಮಾಡು."

"ನನಗ್ಯಾಕ ಹೇಳ್ತಿ?" ಎಂದ. ದನಿ ಏರಲಿಲ್ಲ. "ನನಗ ಮೊದಲಿನಿಂದ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳು." ರಿಕ್ಷಾ ಬಂತು. ಹತ್ತಲು ಕೈ ಕೊಡಹೋದೆ. ಕೋಲನ್ನು ಒಳಗಿಟ್ಟು ತಾನೇ ಹತ್ತಿದ. ಅವನ ಫೋನ್ ನಂಬರು ನನ್ನಲ್ಲಿತ್ತು, ಕೂಟದವರು ಎಲ್ಲರಿಗೂ ಬರೆದುಕೊಟ್ಟಿದ್ದರು.

ಗೊತ್ತಿಲ್ಲದವರು ಯಾರು? ಅವ್ವ, ಅಪ್ಪ ಇಲ್ಲ. ಆ ಪಡಸಾಲೆಯಲ್ಲಿ ಅಂದು ಇದ್ದವರಲ್ಲಿ ಉಳಿದವಳು ಅಕ್ಕ ಒಬ್ಬಳೇ. ಮರುದಿನ ಧಾರವಾಡಕ್ಕೆ ಹೋದೆ. ಅಕ್ಕ ಜಗಲಿಯ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಕೂತರೆ ಮಾತು ಬೇರೆ ಕಡೆ ಹೋದೀತೆಂದು ಹೆದರಿಕೆ. ಕಲ್ಲು ಆರಿಸಿದವನು ನಾನು, ಕಟ್ಟಿದವನು ನಾನು, ಅವ್ವನ ಮುಂದೆ ಸುಳ್ಳು ಹೇಳಿದೆ, ಎಂದೆ.

ಅಕ್ಕನ ಕೈ ನಿಲ್ಲಲಿಲ್ಲ. "ಗೊತ್ತೈತಿ ತಮ್ಮಾ," ಎಂದಳು.

"ಏನು ಗೊತ್ತೈತಿ?"

"ಅಯ್ನಾರು ಬಿಚ್ಚೂ ಮುಂದ ಆ ಗಂಟು ನೋಡಿದ ಕೂಡಲೇ ಗೊತ್ತಾತು. ಮೂರನೇ ಸುತ್ತು ತೆಳಗಿಂದ ತರೂದು ನಮ್ಮವ್ವನ ಗಂಟಲ್ಲೇನು? ಆ ಹುಡುಗಗ ಎಲ್ಲಿಂದ ಬರಬೇಕದು? ವಸ್ತ್ರಾನೂ ನಿಂದ, ಅವ್ವ ಅಂಚು ಹೊಲದಿದ್ಲು."

ನಾನು ಜಗಲಿಯ ಮೇಲೆ ಕೂತೆ. "ಹಂಗಾದ್ರ ಅವ್ವಗ?"

"ಅವ್ವಗ ಗೊತ್ತಿಲ್ದ ಇರ್ತದೇನು, ಅಕೀದ ಗಂಟು?" ಅಕ್ಕ ಈಗ ಸೊಪ್ಪು ಬಿಟ್ಟಳು. "ಅದಕ್ಕ ಅಕಿ ವಸ್ತ್ರ ಲಗೂನ ಎತಗೊಂಡ್ಲು, ಅಯ್ನಾರ ಕಣ್ಣಿಗೆ ಬೀಳಬಾರದಂತ. ನಮ್ಮ ಮನೀ ಹುಡುಗನ ಕಟ್ಟ್ಯಾನ ಅಂತ ಹೊರಗ ಬಿದ್ರ, ನನ್ನ ಲಗ್ನದ ಮಾತು ಮುರೀತಿತ್ತಲ್ಲೋ. ನೀ ಇಲ್ಲಂದಿ. ಅಕಿ ಅದನ್ನ ಹಿಡಕೊಂಡ್ಲು. ಮರುದಿನ ಒಲಿ ಮುಂದ ಕುಂತು, ಹುಡುಗ ಹಸದ ಹೊಟ್ಟೀಲೆ ಎದ್ದು ಹೋದ ಅಂತ ಅತ್ಲು. ಆ ವಸ್ತ್ರಾ ಒಲಿಗೆ ಹಾಕಿದ್ಲು. ಯಾರ ಮುಂದೂ ಅನಬ್ಯಾಡಂತ ನನ್ನ ಕಡೆ ಆಣಿ ಹಾಕಿಸಿಕೊಂಡ್ಲು. ನಾನೂ ಸುಮ್ನಿದ್ದೆ. ನನ್ನ ಲಗ್ನಾ ಆತು." ಸೆರಗಿನಿಂದ ಮೂಗು ಒರೆಸಿಕೊಂಡು, "ಅಂವಾ ಅದಾನೇನು ಇನ್ನಾ?" ಎಂದಳು.

ಇದ್ದಾನೆ ಎಂದೆ.

ಹುಬ್ಬಳ್ಳಿಗೆ ಮರಳಿ, ಅಂಗಿಯನ್ನೂ ತೆಗೆಯದೆ, ಅವನಿಗೆ ಫೋನು ಮಾಡಿದೆ. ಅಕ್ಕನ ಮುಂದೆ ಹೇಳಿದೆ ಎಂದು ತಿಳಿಸಿ, ಅಕ್ಕ ಹೇಳಿದ್ದನ್ನು ಒಂದೂ ಬಿಡದೆ ಒಪ್ಪಿಸಿದೆ. ಅವ್ವ ಅತ್ತದ್ದನ್ನು ಹೇಳುವಾಗ ನನಗೆ ಒಂದು ಆಸೆ ಇತ್ತು ಎಂಬುದನ್ನೂ ಇಲ್ಲಿ ಬರೆಯಬೇಕು. ಅದನ್ನು ಕೇಳಿ ಅವನ ಮನಸ್ಸು ಸ್ವಲ್ಪ ಕರಗೀತೆಂದು ಆಸೆ. ಆ ಕಡೆ ಎಲ್ಲಿಯೋ ಒಳಗೆ ಕುಕ್ಕರಿನ ಸೀಟಿ ಕೇಳಿತು.

"ಹಂಗಾದ್ರ ನಿಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು," ಎಂದ. "ನಮ್ಮಪ್ಪಗ ಒಬ್ಬಾಂವಗ ಗೊತ್ತಿರಲಿಲ್ಲ."

ಫೋನು ಇಟ್ಟುಬಿಟ್ಟನೇನೋ ಎಂದುಕೊಂಡೆ. ಇಟ್ಟಿರಲಿಲ್ಲ. ಉಸಿರು ಕೇಳುತ್ತಿತ್ತು.

"ಊಟಾ ಆತೇನು?" ಎಂದು ಕೇಳಿದ.

"ಇಲ್ಲ."

"ಹೊತ್ತಾಗೇತಿ. ಹೋಗು, ಉಣ್ಣು," ಎಂದ.